ಪೆನ್ಸಿಲ್ ಚುಕ್ಕಿ

ಗೋಕುಲ ರೋಡಿನ ನಮ್ಮ ಕಾರ್ಖಾನಿ ಗೇಟಿಗೆ
"ಅರ್ಹತೆಯೊಂದೇ ಮಾನದಂಡ" ಅಂತ ಬೋರ್ಡು.
ಒಳಗ ಅರ್ಜಿ ವಿಂಗಡಿಸಾಂವ ನಾನು.
ಸಾಹೇಬ್ರ ಅಪ್ಪಣಿ ಬಾಯಿಮಾತಿಂದು, ಎಲ್ಲೂ ಬರದಿದ್ದಲ್ಲ:
ವಿಳಾಸ ಸೆಟ್ಲಮೆಂಟ್ ಅಂತಿದ್ರ
ಮೂಲ್ಯಾಗ ಒಂದು ಚುಕ್ಕಿ.
ಪೆನ್ಸಿಲ್ಲಿಂದು.
ಲೇಬರ್ ಇನ್‌ಸ್ಪೆಕ್ಟರ್ ಬರೂ ಹಿಂದಿನ ದಿನ
ಎಲ್ಲಾ ಅಳಸ್ತೇನಿ. ಹನ್ನೊಂದು ವರ್ಷ ಆತು.

ಸುಗಂಧಾ ಭಜಂತ್ರಿ. ಐಟಿಐ, ಟರ್ನರ್.
ಪರೀಕ್ಷಾಕ್ಕ ಕೊಟ್ಟ ಸರಳಿಗೆ ಆಕಿ ಕೊರೆದ ಥ್ರೆಡ್ಡಿನ ಮ್ಯಾಲೆ
ನಟ್ಟು ಒಂದ ಬೆರಳಿಗೆ ತಿರಿಗಿ
ಬುಡದ ತನಕಾ ಇಳೀತು, ಎಲ್ಲೂ ತೊಡಕಲಿಲ್ಲ.
ಫೋರಮನ್ ಇನ್ನೊಮ್ಮೆ ತಿರುವಿ ನೋಡಿದ, ಸುಮ್ಮನ.
ಸಾಹೇಬ್ರು ಅರ್ಜಿಯ ಮೂಲಿ ನೋಡಿ
"ತಿಳಸ್ತೇವಿ" ಅಂದ್ರು.

ಹೋಗೂ ಮುಂದ ನನ್ನ ಮೇಜಿನ ಹತ್ರ ನಿಂತಳು,
ಹಿಂದ ವಾಪಸ್ ಕಳಿಸಿದ್ದ ಎರಡು ಅರ್ಜಿ ಹರವಿದಳು.
"ಅಣ್ಣಾರ, ಎರಡಕ್ಕೂ ಇಲ್ಲೊಂದು ತೆಗ್ಗು ಐತಿ.
ನೂರನೇ ಮಿಲಿಮೀಟರಿನ ಏರುಪೇರು
ನನ್ನ ಬೆರಳಿಗೆ ತಿಳೀತದ್ರಿ.
ಇದು ಯಾವ ವಿಷಯದ ಮಾರ್ಕು?"

ಫ್ಯಾನಿನ ಗಾಳಿಗೆ ಅರ್ಜಿ ಹಾರಬಾರದಂತ
ನಾನು ಆ ನಟ್ಟನ್ನ ಮ್ಯಾಲಿಟ್ಟೆ.
ಅಷ್ಟ ಉತ್ತರ.

ನಾಳೆ ಇನ್‌ಸ್ಪೆಕ್ಟರ್ ಬರ್ತಾರ.
ನಲವತ್ತಾರು ಚುಕ್ಕಿ ಅದಾವು.
ರಬ್ಬರ್
ಮನ್ಯಾಗ ಮರೆತು ಬಂದೇನಿ.