ಹನ್ನೊಂದನೆಯ ಕಲಮು

ಕಾಸರಗೋಡಿನ ರಿಜಿಸ್ಟ್ರಾರ್ ಕಚೇರಿಗೆ
ನಮ್ಮ ವಾಚನಾಲಯದ ಬೈಲಾ ಮಲಯಾಳದಲ್ಲಿ ಬೇಕಂತೆ.
ಹತ್ತು ಕಲಮು ಸಲೀಸಾಗಿ ಹೋದವು:
ಕಾಲು ತೊಳೆದು ಒಳಗೆ ಬರತಕ್ಕದ್ದು,
ಎಲೆಯಡಿಕೆ ಜಗಲಿಯಿಂದ ಆಚೆ,
ಒಂದು ಪತ್ರಿಕೆ ಒಬ್ಬರ ಕೈಯಲ್ಲಿ ಕಾಲು ಗಂಟೆ ಮಾತ್ರ.
ಹನ್ನೊಂದರಲ್ಲಿ ಪೆನ್ನು ನಿಂತಿತು.

'ಹೊಸಿಲೊಳಗೆ ಸದಸ್ಯರು ಒಬ್ಬರನ್ನೊಬ್ಬರು
ಬಹುವಚನದಲ್ಲೇ ಮಾತಾಡಿಸತಕ್ಕದ್ದು, ಯಾವ ಭಾಷೆಯಾದರೂ ಸರಿ.
ತಪ್ಪಿದಲ್ಲಿ ದಂಡ ಎರಡಾಣೆ.'

ಸಾವಿರದ ಒಂಬೈನೂರ ಐವತ್ತೊಂದು. ಮೀಂಜ.
ಬರೆದವರು ಬೋರ್ಡು ಶಾಲೆಯ ಮೋಣು ಮಾಸ್ತರು.
ಅವರಿಗೆ ವ್ಯಾಕರಣದ ಹುಚ್ಚು ಎಂದುಕೊಂಡು
ಎಲ್ಲರೂ ಸಹಿ ಹಾಕಿದರು,
ಗುತ್ತಿನ ದೂಮಣ್ಣ ರೈಗಳೂ. ಖಜಾಂಚಿ ಅವರೇ.

ಆಮೇಲೆ ಗೊತ್ತಾಯಿತು:
ಮೂರ್ತೆಯ ಐತನೂ ಸದಸ್ಯ, ನಾಲ್ಕಾಣೆ ಚಂದಾ ಕೊಟ್ಟವ.
ತುಳುವಿನಲ್ಲಿ 'ಈ' ಎಂದರೆ ನೀನು, 'ಈರ್' ಎಂದರೆ ನೀವು.
ನಡುವೆ ಇರುವುದು ಒಂದು ಅರ್ಧಾಕ್ಷರ,
ರೈಗಳ ಗಂಟಲಿಗೆ ಮೀನಿನ ಮುಳ್ಳು.

ಅದಕ್ಕೆ ಅವರು ಕಂಡುಕೊಂಡ ದಾರಿ ನೋಡಿ:
'ಬಂದದ್ದು ಯಾವಾಗ?'
'ಪೇಪರು ಓದಿ ಆಯಿತೋ?'
'ಬೆಳಕು ಬಿಟ್ಟು ಸ್ವಲ್ಪ ಸರಿದರೆ ಆಗುತ್ತಿತ್ತು.'
ಕರ್ತೃವೇ ಇಲ್ಲದ ವಾಕ್ಯಗಳು,
ತೋಡು ದಾಟುವವರು ಮುಂಡು ಎತ್ತಿ ಹಿಡಿದ ಹಾಗೆ.
ಇದಕ್ಕೆ ದಂಡವಿಲ್ಲ.
ಮಾಸ್ತರು ಕಲಮನ್ನು ತಿರುವಿ ತಿರುವಿ ನೋಡಿ ಸೋತರು.

ಹೊಸಿಲು ದಾಟಿದ್ದೇ, ಅಂಗಳದಲ್ಲಿ,
'ಏ ಐತಾ, ಎಲ್ಲಿಗೋ?'

ಮೂರು ಮಳೆಗಾಲ ಹೀಗೇ.
ಒಂದು ಸಂಜೆ, ಅಜ್ಜ ಹೇಳುತ್ತಿದ್ದರು,
ಐತ ಕತ್ತಿಯನ್ನು ಹೊರಗೆ ತೂಗುಹಾಕಿ,
ಕಾಲು ತೊಳೆದು, ನಿಯಮದ ಪ್ರಕಾರವೇ ಬಂದು,
ಮೇಜಿನ ಮೇಲೆ ಎರಡಾಣೆ ಇಟ್ಟ.
'ದಂಡ. ಮೊದಲೇ ತೆಗೆದುಕೊಳ್ಳಿ.'
ಮತ್ತೆ ರೈಗಳ ಮುಖ ನೋಡಿ, ಮೆಲ್ಲಗೆ,
ಅಣ್ಣ ತಮ್ಮನನ್ನು ಕೇಳುವ ಹಾಗೆ,
'ಈ ಏಪ ಬತ್ತ?'
ನೀನು ಬಂದದ್ದು ಯಾವಾಗ.

ಯಾರೂ ನಗಲಿಲ್ಲ.
ಮೂಲೆಯಲ್ಲಿ ಯಾರೋ ಪುಟ ಮಗುಚಿದರು.
ಐತ ಕೂತು ಕಾಲು ಗಂಟೆ ಪತ್ರಿಕೆ ಓದಿ ಎದ್ದುಹೋದ.
ಅದೇ ಕೊನೆ ಏನಲ್ಲ, ಮರುದಿನವೂ ಬಂದ,
'ಈರ್' ಎಂದೇ ಮಾತಾಡಿದ.

ಕಚೇರಿಯ ಹುಡುಗ ಫೋನಿನಲ್ಲಿ ಹೇಳುತ್ತಾನೆ,
ಹನ್ನೊಂದನ್ನು ಬಿಟ್ಟುಬಿಡಿ ಸಾರ್, ಫಾರಮಿನಲ್ಲಿ ಅದಕ್ಕೆ ಜಾಗವಿಲ್ಲ.
ಜಾಗ ನಾನು ಅಂಚಿನಲ್ಲಿ ಮಾಡುತ್ತಿದ್ದೇನೆ.
ದುಡ್ಡು ಬಂದರೆ ಖಜಾಂಚಿ ಸ್ವಹಸ್ತದಿಂದ ರಶೀದಿ ಬರೆಯತಕ್ಕದ್ದು,
ಅದು ಏಳನೆಯ ಕಲಮು.
ನಲವತ್ತಮೂರನೆಯ ಹಾಳೆ ನನ್ನೆದುರಿಗಿದೆ,
ರೈಗಳದೇ ಅಕ್ಷರ, ನಡುವೆ ಒಂದು ಕಡೆ
ಶಾಯಿ ಮುದ್ದೆಗಟ್ಟಿದೆ:

'ಶ್ರೀ ಐತಪ್ಪನವರಿಂದ
ಸಂದಾಯ, ಎರಡಾಣೆ.'