ಸಕಾರ

ನಿಮಿಷಕ್ಕೆ ಇಷ್ಟು ಅಂತ ಕೂಲಿ ನನಗೆ.
ಲೀಲ್ ನಗರದ ವಿಶ್ವವಿದ್ಯಾಲಯ, ನೆಲಮಾಳಿಗೆ,
ಹೆಡ್‌ಫೋನು ಕಿವಿಗೇರಿಸಿ ಕೂತು
ಪರರ ತಡವರಿಕೆಯನ್ನು ಅಕ್ಷರಕ್ಕಿಳಿಸುತ್ತೇನೆ:
ಉಸಿರು, ಕೆಮ್ಮು, ನುಂಗಿದ ಪ್ರತ್ಯಯ.
ಒಂದನ್ನೂ ತಿದ್ದುವ ಹಾಗಿಲ್ಲ.

ಕಡತದಲ್ಲಿ ಅವಳು ಎಲ್-ನಾಲ್ಕು.
ಟೇಪಿನಲ್ಲಿ ಲೆತೆಕಿದಾನ್, ಎರಿಟ್ರಿಯದ ಕೆರೆನ್ ಊರವಳು;
ರೂಬೇ ಪಟ್ಟಣದ ಆಸ್ಪತ್ರೆ ಲಾಂಡ್ರಿಯಲ್ಲಿ
ಹಗಲಿಡೀ ಬಿಳಿ ದುಪ್ಪಟಿ ಮಡಚುತ್ತಾಳೆ.

ಮೊದಲ ಮುದ್ರಣ: ಮುವಾ ಪಾ ಕೊಂಪ್ರಾಂದ್ರ್.
ನಾನು, ಅಲ್ಲ, ಅರ್ಥವಾಗುವುದು.
ಕ್ರಿಯಾಪದವನ್ನಿನ್ನೂ ಗೂಟಕ್ಕೆ ಕಟ್ಟಿಲ್ಲ,
ಯಾರದೂ ಅಲ್ಲ, ಯಾವ ಕಾಲದ್ದೂ ಅಲ್ಲ,
ಬೀಡಾಡಿ ದನದ ಹಾಗೆ ನಿಂತಿದೆ
ವಾಕ್ಯದ ನಡುಬೀದಿಯಲ್ಲಿ.

ಆರನೆಯದರಲ್ಲಿ ನಗು ಕೇಳಿಸುತ್ತದೆ.
ಇಲ್ಲ ಅನ್ನಲು ಇಲ್ಲಿ ಎರಡು ತುಂಡು ಬೇಕಂತೆ,
ಕ್ರಿಯೆಯ ಮುಂದೊಂದು 'ನ', ಹಿಂದೊಂದು 'ಪಾ'.
ನಮ್ಮಲ್ಲೂ ಹಾಗೇ, ಅನ್ನುತ್ತಾಳೆ, ಮುಂದೆ 'ಆಯ್', ಹಿಂದೆ 'ನ್',
ದುಪ್ಪಟಿಯ ಆ ತುದಿಗೊಬ್ಬಳು ಈ ತುದಿಗೊಬ್ಬಳು.
ಆದರೆ ಮದಾಂ ಸಿಲ್ವೆನ್ ಮುಂದಿನ ತುದಿಯನ್ನು
ಎಂದೋ ಕೈಬಿಟ್ಟಿದ್ದಾಳೆ; ಬರೀ 'ಪಾ', ಬರೀ 'ಪಾ'.
ಯಾರು ಸರಿ, ಪುಸ್ತಕವೋ ಮೇಲ್ವಿಚಾರಕಿಯೋ?

ಮದಾಂ ಸಿಲ್ವೆನ್ ಹಾಗೆಯೇ ನಾನೂ.
ನನ್ನ ಬಾಯಲ್ಲಿ ಅದು ರೂಢಿ,
ಇವಳ ಬಾಯಲ್ಲಿ ತಪ್ಪು.
ಆ ಅಂಕಣವನ್ನು ಖಾಲಿ ಬಿಟ್ಟೆ.

(ನನ್ನಜ್ಜಿ ಪೋಲೆಂಡಿನಿಂದ ಇಲ್ಲಿನ ಗಣಿಕೇರಿಗೆ ಬಂದವಳು,
ಸಾಯುವ ತನಕ ಬಾಗಿಲನ್ನು ಗಂಡು ಮಾಡಿಯೇ ಮಾತಾಡಿದಳು.
ಯಾವ ಬಾಗಿಲೂ ಬೇಸರಿಸಿಕೊಳ್ಳಲಿಲ್ಲ.)

ಒಂಬತ್ತನೆಯದು. ಪ್ರಶ್ನೆ: ಬಿಡುವಿನಲ್ಲಿ ಏನು ಮಾಡುತ್ತೀರಿ?
ಝ ಶೆರ್ಶ್, ಅಂದಳು. ಹುಡುಕುತ್ತೇನೆ.
ಏನನ್ನು? ತಮ್ಮ. ಮತ್ತೆ: ಹುಡುಕುತ್ತೇನೆ.
ಕರ್ಮಪದ ಇಲ್ಲ, ಸರ್ವನಾಮ ಇಲ್ಲ;
ಅಂಥ ಕಡೆ ಸೊನ್ನೆ ಹಾಕು ಎಂದು ಕೈಪಿಡಿಯಲ್ಲಿದೆ.
ಹಾಕಿದೆ. ಟ್ರಿಪೋಲಿಯ ತನಕ ಫೋನು ಬರುತ್ತಿದ್ದ,
ಆಮೇಲೆ ಬಾರದ, ಹತ್ತೊಂಬತ್ತರ ಹುಡುಗನ ಜಾಗದಲ್ಲಿ
ಒಂದು ದುಂಡನೆಯ ಸೊನ್ನೆ.

ಅವಳ ನುಡಿಯಲ್ಲಿ ಅವನಿಗೆ ಬೇರೆ ಮಾತೇ ಬೇಡವಂತೆ.
ಹುಡುಕುವ ಕ್ರಿಯೆಯ ಬಾಲಕ್ಕೆ ಒಂದು 'ಓ' ಅಂಟಿದರೆ
ಅದೇ ಅವನು, ಸೆರಗು ಹಿಡಿದು ಬರುವ ಮಗುವಿನಂತೆ.
ನಮ್ಮ ಫ್ರೆಂಚಿನಲ್ಲಿ ಅವನು ಮುಂದೆ ಬರಬೇಕು,
ಹುಡುಕುವುದಕ್ಕೂ ಮುಂಚೆ.
ಅದು ಕೂಡಲು ಒಂದು ವರ್ಷವಾಯಿತು:
ಮೊದಲು ಝ ಶೆರ್ಶ್ ಲ್ಯುಯಿ, ಅವನು ಬಾಲದಲ್ಲೇ;
ಆಮೇಲೆ ಮೌನ, ಎರಡು ಸೆಕೆಂಡು, ಮೂರು;
ಹದಿನಾಲ್ಕನೆಯದರಲ್ಲಿ, ಯಾರೂ ಕೇಳದೆಯೇ,
ಝ ಲ ಶೆರ್ಶ್.
ಪ್ರೊಫೆಸರ್ ದ್ಯುತಿಯೆಲ್ ಮೇಜು ಕುಟ್ಟಿದರು.
ಅವರ ಪ್ರಬಂಧದ ಮೂರನೆಯ ನಕ್ಷೆಯಲ್ಲಿ
ಆ ವಾಕ್ಯ ಈಗ ಒಂದು ಚುಕ್ಕೆ.

ಹದಿನೇಳನೆಯದು ಕೊನೆಯದು.
ಪಾಳಿ ಬಿಟ್ಟು ಬರಲಾಗದೆ ಲಾಂಡ್ರಿಯಲ್ಲೇ ಮುದ್ರಿಸಿದ್ದಾರೆ,
ಹಿಂದೆ ಗಾಲಿ, ಗದ್ದಲ, ಯಾರದೋ ಸಿಳ್ಳೆ.
ತಮ್ಮನ ಸುದ್ದಿ ಏನಾದರೂ?
ನೀರು ಹರಿದಂತೆ ಹೇಳಿದಳು,
ನಮ್ಮಂತೆಯೇ, ಮುಂದಿನ 'ನ'ವನ್ನು ಕೈಬಿಟ್ಟು:
ಝ ಲ ಶೆರ್ಶ್ ಪ್ಲ್ಯೂ

ಅಷ್ಟರಲ್ಲಿ ಹಬೆಯ ಇಸ್ತ್ರಿ ಯಂತ್ರ
ಸ್‌ಸ್‌ಸ್ ಎಂದಿತು.

ಪ್ಲ್ಯೂ ಅಂದರೆ: ಅವನನ್ನು ಇನ್ನು ಹುಡುಕುವುದಿಲ್ಲ.
ಪ್ಲ್ಯೂಸ್ ಅಂದರೆ: ಇನ್ನೂ ಹೆಚ್ಚು ಹುಡುಕುತ್ತೇನೆ.
ನಡುವೆ ಒಂದೇ ಒಂದು ಸಕಾರ.
ಅದು ಅವಳದೋ, ಹಬೆಯದೋ?

ಹನ್ನೊಂದು ಸಲ ಹಿಂದಕ್ಕೆ ಓಡಿಸಿ ಕೇಳಿದೆ.
'ನ' ಇದ್ದಿದ್ದರೆ ತಿಳಿಯುತ್ತಿತ್ತು.
ಅದನ್ನು ಬಿಡುವುದು ಕಲಿತದ್ದು ನಮ್ಮಿಂದಲೇ.
ಅವಳ ಫೋನ್ ಸಂಖ್ಯೆ ಕಡತದಲ್ಲಿದೆ,
ಕೇಳುವಂತಿಲ್ಲ, ನಿಯಮ.

ಪ್ರಶ್ನಾರ್ಥಕ ಹಾಕಿ ಮುಂದಕ್ಕೆ ಹೋದೆ.
ಮುಂದೆ ನಾಲ್ಕು ಸೆಕೆಂಡು ಬರೀ ಬಟ್ಟೆಯ ಸದ್ದು,
ಬಳಿಕ ಅವಳ ದನಿ, ಯಾರಿಗೋ:
ಆ ತುದಿ ಹಿಡೀತೀಯಾ?