ನೋಡದ ಧಾರಾವಾಹಿಗಳು

ಹತ್ತೂವರೆಗೆ ಫೋನು.
ಎರಡನೆಯ ಮಹಡಿಯಲ್ಲಿ ನನ್ನದೊಂದು ಗಾಜಿನ ಗೂಡು,
ಕಿವಿಗೆ ಕವಚ, ಮೊಣಕಾಲಿಗೆ ಶಾಲು, ಮುಂದೆ ಟೈಪ್‌ರೈಟರು.
ಡಂಡೀಯ ಸೆಣಬಿನ ಗಿರಣಿಗಳು ಒಂದೊಂದಾಗಿ
ಕದ ಮುಚ್ಚುತ್ತಿದ್ದ ವರ್ಷಗಳು ಅವು.
ನಾನು ನೆಟ್ಟಾ ಗೂರ್ಲಿ. ಪತ್ರಿಕೆಯಲ್ಲಿ
ನನ್ನ ಹೆಸರು ಬಂದದ್ದಿಲ್ಲ, ಬೆರಳು ದಿನವೂ ಬಂದಿದೆ.

ಆ ತುದಿಯಲ್ಲಿ ಲಾಕ್ಲನ್ ಪೆಟ್ರಿ, ನಮ್ಮ ಟೀವಿ ವಿಮರ್ಶಕ.
ಅವನ ಹಿಂದೆ ಕೆಟಲು ಕೂಗುತ್ತದೆ, ಅವನು ಏಳುವುದಿಲ್ಲ.
"ಬರೆದುಕೋ. ಇಂದಿನ ನಾಟಕದಲ್ಲಿ
ಒಬ್ಬ ವೈದ್ಯ, ಇಬ್ಬರು ಹೆಂಡಿರು, ಕಡಲ ದಂಡೆಯ ಒಂದು ಬಂಡೆ, ಕಾಮಾ,
ನಾಲ್ವರಲ್ಲಿ ಬಂಡೆಯ ಅಭಿನಯವೇ ಸಹಜ. ಪೂರ್ಣವಿರಾಮ."
ಗುಟುಕಿನ ಸದ್ದು. ಕೆಟಲು ಇನ್ನೂ ಕೂಗುತ್ತಿದೆ;
ಚಹಾ ಅಲ್ಲ ಅದು.

ಹನ್ನೊಂದು ವರ್ಷ ರಾತ್ರಿಪಾಳಿ.
ಒಂದು ಧಾರಾವಾಹಿಯನ್ನೂ ನಾನು ಕಂಡವಳಲ್ಲ.
ಅತ್ತೆಯ ಬಾಯಲ್ಲಿ ಸೊಸೆಯನ್ನು ಕಂಡಂತೆ
ಎಲ್ಲರನ್ನೂ ಬಲ್ಲೆ:
ಬುಧವಾರ ಬುಧವಾರ ಕಣ್ಣೀರಿಡುವ ಆ ಇನ್ಸ್‌ಪೆಕ್ಟರ್
("ಅಳುವ ಗಂಡಸನ್ನು ನಂಬಬಹುದು,
ಕ್ಯಾಮೆರಾ ಹತ್ತಿರ ಬರಲೆಂದು ಕಾದು ಅಳುವವನನ್ನಲ್ಲ"),
ಬಾಗಿಲ ತನಕ ಹೋಗಿ, ತಿರುಗಿ ನಿಂತು,
ಒಂದು ಮಾತು ಎಸೆದೇ ಹೊರಡುವ ನಾಯಕಿಯರು.
"ನಿಜಕ್ಕೂ ಬಿಟ್ಟುಹೋಗುವವರು ಮಾತಾಡುವುದಿಲ್ಲ ನೆಟ್ಟಾ,
ಕೊಡೆ ಮರೆತು ಹೋಗುತ್ತಾರೆ. ಇದನ್ನು ಬರೆಯಬೇಡ."
ಬರೆಯಲಿಲ್ಲ. ಮರೆಯಲೂ ಇಲ್ಲ.

ಹಾಸ್ಯವೆಂದರೆ ಅವನಿಗೆ ಇನ್ನೂ ಉರಿ.
ಡಬ್ಬಿಯಲ್ಲಿ ತುಂಬಿಟ್ಟ, ವರ್ಷಗಟ್ಟಲೆ ಕೆಡದ ನಗು.
ಎಂದೋ ಯಾವುದೋ ಸಭಾಂಗಣದಲ್ಲಿ ನಕ್ಕವರು,
ಅರ್ಧ ಜನ ಈಗ ಮಣ್ಣಲ್ಲಿ.
"ಮೂರನೆಯ ಸಾಲಿನಲ್ಲೊಬ್ಬಳು ಕೆಮ್ಮುತ್ತಾಳೆ,
ಯಾವ ಜೋಕಿಗೂ ಅದೇ ಕೆಮ್ಮು.
ಅವಳೊಬ್ಬಳೇ ನನಗೆ ಇಷ್ಟ. ಇದನ್ನು ಬರಿ."

ಆಮೇಲೆ ಆ ಗಿರಣಿಯ ಹಾಸ್ಯ ಬಂತು, ಆರು ಕಂತು,
ಮಗ್ಗದ ಹೆಂಗಸರು, ಜೋರು ಬಾಯಿ.
"ಇವರು ಮಾತಾಡುವುದು ಬಾಯಲ್ಲೋ ಕೈಯಲ್ಲೋ, ಪ್ರಶ್ನಾರ್ಥಕ.
ನೊಣ ಓಡಿಸುವವರ ಹಾಗೆ ಈ ಪರಿ ಕೈ ಬೀಸುವ
ಹೆಂಗಸರನ್ನು ಯಾವ ಗಿರಣಿಯೂ..."

ಬೆರಳು ನಿಂತವು.
"ಮಿಸ್ಟರ್ ಪೆಟ್ರಿ," ಅಂದೆ, ಹನ್ನೊಂದು ವರ್ಷದಲ್ಲಿ
ಕಾಗುಣಿತ ಬಿಟ್ಟು ಬೇರೇನನ್ನೂ ಕೇಳದವಳು,
"ಮಗ್ಗದ ಮನೆಯಲ್ಲಿ ಮಾತು ಕೇಳಿಸುವುದಿಲ್ಲ.
ನಮ್ಮಮ್ಮ ಮೂವತ್ತು ವರ್ಷ ಕೈಯಲ್ಲೇ ಹರಟಿದಳು.
ಕಿವಿ ಅಲ್ಲೇ ಹೋಯಿತು, ಕೈ ಮನೆಗೆ ಬಂತು.
ಊಟಕ್ಕೆ ಕೂತಾಗ ಉಪ್ಪು ಅಂದರೆ ಎರಡು ಬೆರಳು ಹೀಗೆ,"
ಎಂದು ಫೋನಿಗೆ ಬೆರಳು ತೋರಿಸಿದೆ, ಪೆದ್ದಿ.

ಆ ಕಡೆ ಮೌನ. ಕೆಟಲಿನ ನೀರೂ ಇಂಗಿರಬೇಕು.
"ಹೊಡೆದುಹಾಕು ಆ ಪ್ಯಾರಾ," ಅಂದ.
ಬೆಳಿಗ್ಗೆ ಅಚ್ಚಾದದ್ದು:
ಕೈಗಳು ಅಪ್ಪಟ ಡಂಡೀ; ಮಾತು ಮಾತ್ರ
ಲಂಡನ್ನಿನಿಂದ ಅಂಚೆಯಲ್ಲಿ ಹೊರಟು ದಾರಿಯಲ್ಲೇ ಹಳಸಿದ್ದು.

ಕೊನೆಯ ಕಂತಿನ ದಿನ ರಜೆ ಹಾಕಿದೆ.
ತಂಗಿಯ ಮನೆ, ಟೊಮ್ಯಾಟೊ ಸೂಪು, ಬಾಡಿಗೆಯ ಟೀವಿ.
ಆ ಹೆಂಗಸರು ಬಂದರು. ಕೈ ಎತ್ತಿದರು.
ನೋಡಿದೆ. ಸೂಪು ಕೆಳಗಿಟ್ಟು ಇನ್ನೊಮ್ಮೆ ನೋಡಿದೆ.
"ಉಪ್ಪು" ಇಲ್ಲ. "ಮೇಸ್ತ್ರಿ ಬಂದ, ಜೋಕೆ" ಇಲ್ಲ.
"ಸಂಜೆ ಸಿಗು" ಇಲ್ಲ.
ಬರೀ ಬೀಸಾಟ, ಬೀಸಿದ್ದೇ ಬೀಸಿದ್ದು,
ನೊಣ ಓಡಿಸುವವರ ಹಾಗೆ.
ಮೂರನೆಯ ಸಾಲಿನಲ್ಲಿ ಯಾರೋ ಕೆಮ್ಮಿದರು.

ತಂಗಿ ನಕ್ಕೂ ನಕ್ಕೂ ಕಣ್ಣಲ್ಲಿ ನೀರು,
"ಥೇಟ್ ಅಮ್ಮನ ಹಾಗೇ, ಅಲ್ಲವೇನೇ?"
ಹೂಂ ಅಂದೆ.

ಮರುದಿನ ಹತ್ತೂವರೆಗೆ ಫೋನು.
"ನಿನ್ನೆ ನೋಡಿದೆಯಂತೆ. ಕೈ ಹೇಗಿತ್ತು?"
ಕಾಗದ ಸಿಕ್ಕಿಸಿದೆ, ರೋಲರು ತಿರುಗಿಸಿದೆ,
"ಶುರು ಮಾಡಿ," ಅಂದೆ.